ಮದರಂಗಿ ಇಲ್ಲದ ಪಾದ

ನನಗೂ ನನ್ನ ಗಂಡನಿಗೂ ಜಗಳವೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಿನಲ್ಲಿ ಇವತ್ತಿಗೂ ಇದನ್ನು ನಂಬುವವರು ಕಡಿಮೆ. ನಾನು ಜಗಳಗಂಟಿ, ಒಪ್ಪುತ್ತೇನೆ. ಮೀನು ಮಾರುವವನ ಜೊತೆ ಜಗಳವಾಡಿದ್ದೇನೆ. ಕಾಲುವೆಯ ತೂಬು ಕಾಯುವವನನ್ನು ನೀರಿಗೆ ತಳ್ಳುತ್ತೇನೆ ಎಂದು ಹೆದರಿಸಿದ್ದೇನೆ. ಬಸ್ಸಿನಲ್ಲಿ ತನ್ನ ಮೇಕೆಯನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದವನಿಗೆ ಹಸಾಹೀಸ ಪೇಟೆಯಿಂದ ಊರು ಮುಟ್ಟುವ ತನಕ ಬೈದಿದ್ದೇನೆ. ಆದರೆ ನನ್ನ ಗಂಡ ಮುದವಿಯ ಜೊತೆ ಜಗಳವಾಡುವುದೆಂದರೆ ಗೋಡೆಯ ಜೊತೆ ಕುಸ್ತಿ ಹಿಡಿದ ಹಾಗೆ. ಅವನು ಊರಿನ ಹಿಟ್ಟಿನ ಗಿರಣಿ ನಡೆಸುತ್ತಾನೆ. ಇಂಜಿನ್ನಿನ ಸದ್ದಿನಲ್ಲಿ ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ ಎಂದು ಹಗಲೆಲ್ಲ ಮಾತು ಬಿಟ್ಟವನು, ಮನೆಗೆ ಬಂದ ಮೇಲೂ ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಎಲ್ಲ ಶುರುವಾದದ್ದು ಮದರಂಗಿಯಿಂದ. ಸುಡಾನಿನ ನಮ್ಮ ಕಡೆ ಗಂಡ ಇರುವ ಹೆಂಗಸಿನ ಅಂಗಾಲು ಮತ್ತು ಬೆರಳ ತುದಿ ಕಪ್ಪಗಿರಬೇಕು. ಸುಮ್ಮನೆ ಕಪ್ಪಲ್ಲ, ಕಾಡಿಗೆಯ ಕಪ್ಪು. ಮದರಂಗಿ ಎಲೆಯನ್ನು ಎಷ್ಟು ನುಣ್ಣಗೆ ಅರೆದರೂ ಅದು ಇಟ್ಟಿಗೆಯ ಬಣ್ಣ ದಾಟುವುದಿಲ್ಲ. ನಮ್ಮಜ್ಜಿಯರ ಕಾಲದಲ್ಲಿ ಎಣ್ಣೆ ಹಾಕಿ, ಹೊಗೆ ಕೊಟ್ಟು, ಹಚ್ಚಿದ್ದನ್ನೇ ಮತ್ತೆ ಮತ್ತೆ ಹಚ್ಚಿ ಹೇಗೋ ಕಪ್ಪಾಗಿಸುತ್ತಿದ್ದರಂತೆ. ಈಗ ಅಷ್ಟು ಪುರುಸೊತ್ತು ಯಾರಿಗಿದೆ? ನರೆತ ಕೂದಲಿಗೆ ಹಚ್ಚುವ ಕರಿ ಪುಡಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಅದನ್ನು ಎಲೆಯ ಜೊತೆ ಕಲಸಿಬಿಟ್ಟರೆ ಒಂದು ಸಂಜೆಯಲ್ಲಿ ಪಾದ ಇದ್ದಿಲಾಗುತ್ತದೆ. ಊರಿನ ಹೆಂಗಸರೆಲ್ಲ ಹಚ್ಚಿಕೊಳ್ಳುವುದು ಅದನ್ನೇ. ನಾನೂ ಮದುವೆಯಾದಾಗಿನಿಂದ ಹಚ್ಚಿಕೊಂಡವಳೇ.

ಆ ರಂಜಾನ್ ಹಬ್ಬಕ್ಕೆ ಮದರಂಗಿ ಹಚ್ಚುವ ಅಲವಿಯ ಎಂಬವಳು ನಮ್ಮ ಅಂಗಳಕ್ಕೆ ಬಂದು ಮಧ್ಯಾಹ್ನವೆಲ್ಲ ಕೂತು ನನ್ನ ಕೈಕಾಲಿನ ಮೇಲೆ ಬಳ್ಳಿ ಬಿಡಿಸಿದಳು. ಹಬ್ಬಕ್ಕೆ ಬಂದ ನೆಂಟರು ಇನ್ನೂ ಊರು ಬಿಟ್ಟಿರಲಿಲ್ಲ, ತುರಿಕೆ ಶುರುವಾಯಿತು. ಮಾರನೆಯ ದಿನಕ್ಕೆ ಅಲವಿಯ ಬಿಡಿಸಿದ ಹೂಗಳೆಲ್ಲ ಉಬ್ಬಿ ನಿಂತವು. ಎಲೆಗೆ ಎಲೆ, ಮೊಗ್ಗಿಗೆ ಮೊಗ್ಗು, ಒಂದು ಗೆರೆಯೂ ತಪ್ಪದೆ. ಕಣ್ಣು ಕಾಣದವರೂ ಕೈಯಾಡಿಸಿ ಚಿತ್ತಾರ ಚೆನ್ನಾಗಿದೆ ಅನ್ನಬಹುದಿತ್ತು. ಆಮೇಲೆ ಬೊಬ್ಬೆಗಳು ಒಡೆದು ನೀರು ಸೋರಲು ಶುರುವಾಯಿತು. ನಾನು ಅಂಗಳದಲ್ಲಿ ಬಾತುಕೋಳಿಯ ಹಾಗೆ ಹಿಮ್ಮಡಿಯ ಮೇಲೆ ನಡೆಯುತ್ತಿದ್ದೆ. ಊಟವನ್ನು ಬಾಯಿಗೆ ಇಡಲೂ ಬೇರೆಯವರು ಬೇಕಾಯಿತು.

ಮುದವಿ ಗಿರಣಿ ಮುಚ್ಚಿ ನನ್ನನ್ನು ಪೇಟೆಯ ಡಾಕ್ಟರ್ ಹತ್ತಿರ ಕರೆದೊಯ್ದ. ಚಿಕ್ಕ ವಯಸ್ಸಿನ ಹೆಂಗಸು, ಕನ್ನಡಕ ಹಾಕಿಕೊಂಡವಳು. ನನ್ನ ಕೈ ನೋಡಿದವಳೇ, "ಇದು ಎಲೆಯ ತಪ್ಪಲ್ಲಮ್ಮ. ಅದಕ್ಕೆ ಬೆರೆಸ್ತಾರಲ್ಲ ಕರಿ ಪುಡಿ, ಅದರದ್ದು" ಅಂದಳು.

"ನಾನು ಅದನ್ನ ಇಪ್ಪತ್ತು ವರ್ಷದಿಂದ ಹಚ್ಕೋತಿದೀನಿ."

"ಇಷ್ಟು ದಿನ ನಿಮ್ಮ ಚರ್ಮ ಸಹಿಸಿಕೊಂಡಿದೆ. ಈಗ ಅದನ್ನ ಶತ್ರು ಅಂತ ಗುರುತು ಹಿಡಿದುಬಿಟ್ಟಿದೆ. ಒಂದು ಸಲ ಗುರುತು ಹಿಡೀತು ಅಂದ್ರೆ ಇನ್ನು ಜನ್ಮ ಪೂರ್ತಿ ಬಿಡಲ್ಲ. ಮತ್ತೆ ಹಚ್ಚಿದ್ರೆ ಮುಖ ಊದಿಕೊಳ್ಳಬಹುದು, ಉಸಿರೂ ಕಟ್ಟಬಹುದು. ಕೈಕಾಲಿಗೂ ಬೇಡ, ತಲೆಗೂ ಬೇಡ. ಹಚ್ಚಿದವರ ಕೈ ಹಸಿ ಇರೋವಾಗ ಮುಟ್ಟೋದೂ ಬೇಡ."

ವಾಪಸು ಬರುವಾಗ ಬಸ್ಸಿನಲ್ಲಿ ಮುದವಿ ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತ ಕೂತಿದ್ದ. ಊರು ಹತ್ತಿರ ಬಂದಾಗ, "ಚರ್ಮ ನಿನ್ನ ಹಾಗೇ ಇದೆ" ಅಂದ. ಆ ವಾರಕ್ಕೆ ಅವನ ಮಾತು ಅಷ್ಟೇ.

ಮುಲಾಮು ಹಚ್ಚಿ ಹಚ್ಚಿ ಗಾಯ ವಾಸಿಯಾಯಿತು, ಹಳೆಯ ಚರ್ಮ ಸುಲಿದು ಬಂತು. ಅದರ ಜೊತೆ ಬಣ್ಣವೂ ಹೋಯಿತು. ಮದುವೆಯಾದ ಮೇಲೆ ಮೊದಲ ಸಲ ನನ್ನ ಪಾದದ ನಿಜವಾದ ಬಣ್ಣ ನೋಡಿದೆ. ಚೆನ್ನಾಗಿಯೇ ಇತ್ತು. ನನ್ನ ತೊಂದರೆ ಅಲ್ಲಿಂದ ಶುರು.

ಮೊದಲು ಬಂದವಳು ಪಕ್ಕದ ಮನೆಯ ರುಗಯ್ಯ. ಸಕ್ಕರೆ ಕೇಳಲು ಬಂದವಳು ಸಕ್ಕರೆ ತೆಗೆದುಕೊಂಡ ಮೇಲೂ ಹೋಗಲಿಲ್ಲ. ನನ್ನ ಪಾದವನ್ನೇ ನೋಡುತ್ತ ನಿಂತಳು.

"ನಿಮಾತ್, ಮುದವಿ ಏನಾದ್ರೂ ಅಂದ್ನಾ?"

"ಅವನು ಯಾವತ್ತು ಏನು ಅಂದಿದಾನೆ?"

"ಅದೇ ನೋಡು. ಒಳಗೇ ಇಟ್ಕೊಳ್ಳೋ ಗಂಡಸರನ್ನೇ ನಂಬಬಾರದು."

"ಏನೂ ಆಗಿಲ್ಲ ಕಣೇ. ಮದರಂಗಿ ನನ್ನ ಮೈಗೆ ಆಗ್ತಿಲ್ಲ."

"ಆಯ್ತು ಬಿಡು, ನಾನೇನು ಯಾರಿಗೂ ಹೇಳಲ್ಲ" ಅಂದು ಹೊರಟಳು. ಅವಳು ಹಾಗಂದರೆ ಸಂಜೆಯೊಳಗೆ ಕಾಲುವೆಯಾಚೆಗೂ ಗೊತ್ತಾಯಿತು ಎಂದೇ ಲೆಕ್ಕ.

ಅವಳ ತಪ್ಪೂ ಅಲ್ಲ. ಗಂಡ ಸತ್ತವಳ ಪಾದ ಬೋಳು, ಗಂಡನ ಮೇಲೆ ಮುನಿದವಳ ಪಾದ ಬೋಳು. ಮುದವಿ ಬದುಕಿದ್ದಾನೆ, ಗಿರಣಿಯ ಸದ್ದು ಕೇಳಿಸುತ್ತಲೇ ಇದೆ. ಹಾಗಾದರೆ ಉಳಿದದ್ದು ಒಂದೇ. ಅದರ ಮೇಲೆ ನನ್ನ ಬಾಯಿ ಊರಿಗೇ ಗೊತ್ತು. ನಾನು ಜಗಳವಿಲ್ಲ ಎಂದು ಮೆಲ್ಲಗೆ ಹೇಳಿದರೆ, ಪಾಪ, ಮರ್ಯಾದೆಗೆ ಅಂಜಿ ಮುಚ್ಚಿಡುತ್ತಿದ್ದಾಳೆ ಅನ್ನುತ್ತಿದ್ದರು. ಜೋರಾಗಿ ಹೇಳಿದರೆ, ನೋಡಿ ಎಷ್ಟು ಸಿಟ್ಟಿದೆ ಅನ್ನುತ್ತಿದ್ದರು. ಬಾವಿಯ ಹತ್ತಿರ, ಅಂಗಡಿಯ ಹತ್ತಿರ, ಸಾವಿನ ಮನೆಯಲ್ಲಿ, ಎಲ್ಲಿ ಹೋದರೂ ಜನರ ಕಣ್ಣು ನನ್ನ ಮುಖ ಬಿಟ್ಟು ಚಪ್ಪಲಿಯ ಮೇಲೆ. ಡಾಕ್ಟರ್ ಹೇಳಿದ್ದನ್ನು ಹೇಳಿದೆ. "ಮದರಂಗಿಯಿಂದ ಯಾರಿಗಾದ್ರೂ ಕೆಟ್ಟದ್ದಾಗುತ್ತಾ? ನಮಗೂ ತುರಿಸುತ್ತೆ, ಸುಮ್ನಿರ್ತೀವಪ್ಪ" ಅಂದರು.

ಮುದವಿಯನ್ನೂ ಕೇಳಿದರಂತೆ, ಗಿರಣಿಯಲ್ಲಿ, ಇಂಜಿನ್ನಿನ ಸದ್ದಿನ ನಡುವೆ. ಅವನು, "ಅವಳ ಕೈ ನೋಯುತ್ತೆ" ಅಂದನಂತೆ. ಅಷ್ಟಕ್ಕೇ ನಿಲ್ಲಿಸಿದನಂತೆ. ಹೆಂಡತಿಯ ಕೈ ಯಾಕೆ ನೋಯುತ್ತದೆ ಎಂದು ಊರಿನ ಗಂಡಸರು ತಮಗೆ ತೋಚಿದ್ದನ್ನು ಸೇರಿಸಿಕೊಂಡರು. ಎರಡು ದಿನಕ್ಕೆ ನನ್ನ ಗಂಡ ನನಗೆ ಹೊಡೆದಿದ್ದ. ನಾಲ್ಕು ದಿನಕ್ಕೆ ನಾನು ಅವನಿಗೆ ಹೊಡೆದಿದ್ದೆ. ಎರಡನೆಯದನ್ನೇ ಹೆಚ್ಚು ಜನ ನಂಬಿದರು.

ಹೋಗಲಿ, ಬರೀ ಎಲೆ ಹಚ್ಚಿಕೊಳ್ಳೋಣ ಎಂದು ಅಲವಿಯಳನ್ನು ಕರೆಸಿದೆ. ಪುಡಿ ಬೇಡ ಎಂದು ಮೂರು ಸಲ ಹೇಳಿದೆ. ಅವಳು ಸತ್ತ ತಾಯಿಯ ಮೇಲೆ ಆಣೆ ಇಟ್ಟಳು. ನಾನು ಹೆದರಿಕೊಂಡು ಕಿರುಬೆರಳಿಗೆ ಮಾತ್ರ ಹಚ್ಚಿಸಿಕೊಂಡೆ. ಬೆಳಗಾಗುವಷ್ಟರಲ್ಲಿ ಕಿರುಬೆರಳು ಹೆಬ್ಬೆರಳಾಗಿತ್ತು.

"ಒಂದೇ ಒಂದು ಚಿಟಿಕೆ ಕಣಕ್ಕ" ಅಂದಳು ಅಲವಿಯ, ಕೇಳಲು ಹೋದಾಗ. "ಬಣ್ಣ ಬರಲಿ ಅಂತ. ಅಷ್ಟನ್ನ ಹಾಕೋದು ಅಂತಾರಾ?"

"ಚಿಟಿಕೆ ವಿಷ ಹಾಕಿದ್ರೆ ಅದನ್ನ ಹಾಕೋದು ಅಂತಾರಾ?"

"ಬರೀ ಎಲೆ ಹಚ್ಚಿದ್ರೆ ಕಿತ್ತಳೆ ಬಣ್ಣ ಬರುತ್ತೆ. ನಿಮಾತ್‌ಗೆ ಕಿತ್ತಳೆ ಹಚ್ಚಿದ್ದು ಯಾರು ಅಂದ್ರೆ ಅಲವಿಯ ಅಂತಾರೆ. ನನ್ನ ಹೆಸರೂ ನೋಡ್ಬೇಕಲ್ಲ."

ಅವಳ ಮಾತಿನಲ್ಲೂ ಹುರುಳಿತ್ತು. ಕಿತ್ತಳೆ ಬಣ್ಣವನ್ನು ಹಚ್ಚುವುದು ಸುನ್ನತಿಯಾದ ಹುಡುಗರಿಗೆ, ಇಲ್ಲವೆಂದರೆ ಹಿಮ್ಮಡಿ ಒಡೆದ ಮುದುಕಿಯರಿಗೆ. ನನ್ನ ಅತ್ತೆ ಬನ್ನೂನಾ ಹಚ್ಚಿಕೊಳ್ಳುವುದೂ ಅದನ್ನೇ. ಅತ್ತೆಯ ಪಾದಕ್ಕೆ ಜೋಡಿಯಾಗುವುದಕ್ಕಿಂತ ಬೋಳು ಪಾದವೇ ವಾಸಿ ಎಂದು ತೀರ್ಮಾನಿಸಿದೆ.

ಅತ್ತೆ ಇರುವುದು ಗೋಡೆಯಾಚೆಯ ಮನೆಯಲ್ಲಿ. ನನ್ನ ಪಾದದ ಸುದ್ದಿ ಕೇಳಿದ ಮೇಲೆ ಅವಳಿಗೆ ಹತ್ತು ವರ್ಷ ಕಡಿಮೆಯಾಯಿತು. ನಾನು ಮಗನಿಗೆ ಒಂದೇ ಮಗಳನ್ನು ಹೆತ್ತುಕೊಟ್ಟಿದ್ದು ಅವಳಿಗೆ ಮೊದಲಿನಿಂದಲೂ ಸಾಲದು. ಅವಳ ತಮ್ಮ ಬಾಬಿಕರ್, ಅಂಚೆ ಕಚೇರಿಯಿಂದ ನಿವೃತ್ತನಾದವನು, ಊರಿನಲ್ಲಿ ದೊಡ್ಡ ಮನುಷ್ಯ. ಅವನ ಮಗಳು ಇಖ್ಲಾಸ್, ಗಂಡನಿಂದ ತಲಾಖ್ ಪಡೆದು ತವರಿಗೆ ಬಂದವಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೇನೂ ಇಲ್ಲ. ಆದರೆ ದಿನಾ ಸಂಜೆ ಅತ್ತೆಯ ಅಂಗಳದಲ್ಲಿ ಇಖ್ಲಾಸ್ ಚಹಾ ಮಾಡಲು ಶುರುಮಾಡಿದಳು. ದಿನಾ ಸಂಜೆ ಅತ್ತೆ ಗೋಡೆಯ ಮೇಲಿಂದ, "ಮುದವಿ, ಬಾ ಮಗನೇ, ನಿನಗೆ ಅಂತ ಹಾಲು ಹಾಕಿದ ಚಹಾ ಇದೆ" ಎಂದು ಕೂಗಲು ಶುರುಮಾಡಿದಳು. ಮುದವಿ ಹೋಗುತ್ತಿದ್ದ, ಕುಡಿಯುತ್ತಿದ್ದ, ಬರುತ್ತಿದ್ದ. ಕರೆದರೆ ಹೋಗುವವನು, ಕೊಟ್ಟರೆ ಕುಡಿಯುವವನು. ಒಂದು ದಿನ ಹೀಗೆಯೇ ಕರೆದಾಗ ಹೋಗಿ, ಕೊಟ್ಟಾಗ ಮದುವೆಯೂ ಆಗಿ ಬರುತ್ತಾನೆ ಎಂದು ನನಗೆ ಹೆದರಿಕೆಯಾಯಿತು.

"ಅಲ್ಲಿ ಏನು ಮಾತಾಡಿದ್ರು?" ಎಂದು ಕೇಳಿದೆ.

"ಚಹಾ ಬಿಸಿ ಇತ್ತು" ಅಂದ.

ಒಂದು ಶುಕ್ರವಾರ ಇಳಿಮಧ್ಯಾಹ್ನದ ಅಸರ್ ನಮಾಜು ಮುಗಿದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮೂವರು, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ದೊಡ್ಡ ರುಮಾಲು, ಕೈಯಲ್ಲಿ ಕೋಲು. ಬಾಬಿಕರ್, ಮಸೀದಿಯ ಇಮಾಮ್, ಮತ್ತು ನಾನು ನೀರಿಗೆ ತಳ್ಳುತ್ತೇನೆ ಅಂದಿದ್ದ ತೂಬಿನ ಕಾವಲುಗಾರ. ರಾಜಿ ಮಾಡಿಸಲು ಬಂದಿದ್ದರು. ಅವರ ಹಿಂದೆಯೇ ಅತ್ತೆಯೂ ಬಂದು ಅಡಿಗೆ ಕೋಣೆಯ ಬಾಗಿಲಲ್ಲಿ ಜಾಗ ಹಿಡಿದಳು.

ಹಗ್ಗದ ಮಂಚಗಳನ್ನು ನೆರಳಿಗೆ ಎಳೆದು ಕೂರಿಸಿದೆ. ಹರವಿಯ ತಣ್ಣನೆಯ ನೀರು ತಂದಿಟ್ಟೆ, ಕರ್ಕದೆ ಹೂವಿನ ಪಾನಕ ತಂದಿಟ್ಟೆ. ಯಾರೂ ಮುಟ್ಟಲಿಲ್ಲ. ರಾಜಿಗೆ ಬಂದವರು ತಮ್ಮ ಮಾತು ನಡೆಯುವ ತನಕ ಆ ಮನೆಯ ನೀರು ಮುಟ್ಟುವುದಿಲ್ಲ. ಅವರ ಬಾಯಾರಿಕೆ ನೋಡಿ ನಾನು ಬೇಗ ಒಪ್ಪಲಿ ಎಂದೇ ಅವರು ಬಿಸಿಲಿಳಿಯುವ ಮೊದಲು ಬಂದಿದ್ದರು.

"ನೋಡು ಮಗಳೇ" ಅಂದ ಬಾಬಿಕರ್, ಬೆವರು ಒರೆಸಿಕೊಂಡು. "ಗಂಡ ಹೆಂಡತಿ ಅಂದ ಮೇಲೆ ಬರುತ್ತೆ, ಹೋಗುತ್ತೆ. ನಿನ್ನ ಮನಸ್ಸಲ್ಲಿ ಏನಿದೆ ಹೇಳಿಬಿಡು. ಅವನೂ ಇಲ್ಲೇ ಇದಾನೆ."

ಮುದವಿ ಕಂಬಕ್ಕೆ ಒರಗಿ ಕೂತಿದ್ದ. ರೆಪ್ಪೆಯ ಮೇಲೆ ಹಿಟ್ಟು.

"ಏನೂ ಇಲ್ಲ ಬಾಬಿಕರ್ ಮಾವ. ನಮಗೆ ಜಗಳ ಇಲ್ಲ."

"ಸರಿ. ಹಾಗಾದ್ರೆ ನಾವು ಕಾಯ್ತೀವಿ."

ಕಾದರು. ಕರ್ಕದೆಯಲ್ಲಿ ಹಾಕಿದ್ದ ಮಂಜುಗಡ್ಡೆ ಕರಗಿತು. ಇಮಾಮ್ ಸಾಹೇಬರು ನೀರಿನ ಲೋಟವನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಕಾವಲುಗಾರ ತುಟಿ ಸವರಿಕೊಂಡ. ನಾನು ಡಾಕ್ಟರ್ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಪುಡಿಯ ಸಂಗತಿ ಹೇಳಿದೆ, ಕಿರುಬೆರಳು ತೋರಿಸಿದೆ.

"ಇರಲಿ, ಇರಲಿ" ಅಂದ ಬಾಬಿಕರ್. "ಹೆಂಗಸರು ಮೊದಲು ಇಂಥದ್ದೇ ಹೇಳೋದು. ನಮಗೇನು ಅವಸರ ಇಲ್ಲ."

ಅವನಿಗೆ ಸಕ್ಕರೆ ಕಾಯಿಲೆ. ಬಾಯಿ ಒಣಗಿ ನಾಲಿಗೆ ಅಂಟುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಕೊನೆಗೆ ಮುದವಿಯೇ ಬಾಯಿ ಬಿಟ್ಟ.

"ಏನಾದ್ರೂ ಒಂದು ಹೇಳು, ನಿಮಾತ್. ಮುದುಕ ಸಾಯ್ತಾನೆ."

"ಏನು ಹೇಳ್ಲಿ?"

"ಏನಾದ್ರೂ."

ಸರಿ, ಒಂದು ಜೀವ ಉಳಿಸಲು ಒಂದು ಸಣ್ಣ ತಕರಾರು ಹುಡುಕೋಣ ಎಂದುಕೊಂಡೆ. "ಅಡಿಗೆ ಕೋಣೆ ಸೋರುತ್ತೆ. ಗಿರಣಿಗೆ ಹೊಸ ತಗಡು ಹಾಕಿಸಿದ, ನನ್ನ ಅಡಿಗೆ ಕೋಣೆಗೆ ಹಾಕಿಸಲಿಲ್ಲ."

ಮೂರೂ ರುಮಾಲುಗಳು ಮುಂದಕ್ಕೆ ಬಾಗಿದವು. "ಹಾಂ" ಅಂದ ಬಾಬಿಕರ್. "ಹೇಳು ಮಗಳೇ, ಹೇಳು."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದನ್ನು ಹೊರಗೆ ತೆಗೆದರೆ ಅದರ ಹಿಂದೆಯೇ ಇನ್ನೊಂದು ಇಣುಕುತ್ತದೆ. ಬಕ್ರೀದಿನಲ್ಲಿ ಕುರಿಯ ತಲೆ ಪ್ರತಿ ವರ್ಷ ಗೋಡೆಯಾಚೆ ಹೋಗುವುದನ್ನು ಹೇಳಿದೆ. ಅಡಿಗೆ ಕೋಣೆಯ ಬಾಗಿಲಿನಿಂದ ಅತ್ತೆ ಕೆಮ್ಮಿದಳು. ನನ್ನನ್ನು ಒಂದು ಮಾತು ಕೇಳದೆ ಹಾಲು ಕೊಡುತ್ತಿದ್ದ ಹಸುವನ್ನು ಮಾರಿದ್ದನ್ನು ಹೇಳಿದೆ. ಜ್ವರ ಬಂದು ಮಲಗಿದಾಗ ನನ್ನ ತಲೆದೆಸೆಯಲ್ಲಿ ಕೂತು ಗಿರಣಿಯ ಬೆಲ್ಟಿಗೆ ಹೊಲಿಗೆ ಹಾಕುತ್ತಿದ್ದದ್ದನ್ನು ಹೇಳಿದೆ. ನನ್ನ ದನಿ ಏರುತ್ತಿದ್ದದ್ದು ನನಗೇ ಗೊತ್ತಾಗುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ.

"ಮಗಳು ಮದುವೆಯಾಗಿ ಪೋರ್ಟ್ ಸುಡಾನಿಗೆ ಹೋದ ದಿನ" ಅಂದೆ, "ಬಸ್ಸು ತಿರುಗಿ ಮರೆಯಾಗೋ ತನಕ ನಾನು ಅಳ್ತಾ ನಿಂತಿದ್ದೆ. ಇವನು ಏನು ಮಾಡಿದ ಕೇಳಿ. ಇಂಜಿನ್ನಿಗೆ ಎಣ್ಣೆ ಬಿಡ್ಬೇಕು ಅಂತ ಹೋದ. ಎಣ್ಣೆ. ಅವತ್ತೂ."

ಇದು ಸುಳ್ಳು ತಕರಾರಾಗಿರಲಿಲ್ಲ. ಇಂಥದ್ದೊಂದು ಒಳಗಿದೆ ಎಂದು ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ.

"ಮುದವಿ, ನೀನೇನು ಹೇಳ್ತೀಯ?" ಎಂದು ಇಮಾಮ್ ಸಾಹೇಬರು ಕೇಳಿದರು.

ಮುದವಿ ರೆಪ್ಪೆಯ ಹಿಟ್ಟು ಒರೆಸಿಕೊಂಡ. "ನನಗೂ ಒಂದಿದೆ."

"ಹೇಳಪ್ಪ."

"ಉಪ್ಪು."

"ಏನು ಉಪ್ಪು?"

"ಜಾಸ್ತಿ ಹಾಕ್ತಾಳೆ. ಬೆಂಡೆಕಾಯಿ ಸಾರಿಗೆ. ಮದುವೆ ಆದಾಗಿಂದ."

"ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದು ನಾನು ಎದ್ದು ನಿಂತೆ.

"ಸಾರು" ಅಂದ.

ಕಾವಲುಗಾರನಿಗೆ ನಗು ತಡೆಯಲಾಗಲಿಲ್ಲ, ರುಮಾಲಿನ ತುದಿ ಬಾಯಿಗೆ ತುರುಕಿಕೊಂಡ. ಬಾಬಿಕರ್‌ನ ಮುಖ ಮಾತ್ರ ಅರಳಿತು. ಬಂದಾಗ ಜಗಳವಿಲ್ಲದ ಮನೆಯಲ್ಲಿ ರಾಜಿ ಮಾಡಿಸುವ ಪಾಡು ಅವನದು. ಈಗ ಕೈತುಂಬ ಕೆಲಸ ಸಿಕ್ಕಿತ್ತು. ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ. ಮುದವಿ ಅಡಿಗೆ ಕೋಣೆಗೆ ತಗಡು ಹಾಕಿಸಬೇಕು, ಹೆಂಡತಿಗೆ ಮೈಗೆ ಸುತ್ತುವ ಹೊಸ ಸೆರಗುಬಟ್ಟೆ ತರಬೇಕು. ನಿಮಾತ್ ಉಪ್ಪು ಕಡಿಮೆ ಮಾಡಬೇಕು.

"ಮತ್ತೆ, ರಾಜಿ ಆಗಿದೆ ಅಂತ ಊರಿಗೆ ಗೊತ್ತಾಗಬೇಕಲ್ಲ. ಇವತ್ತೇ ಮದರಂಗಿ ಹಚ್ಕೋಬೇಕು. ಕಪ್ಪಗೆ. ಎಲ್ಲರ ಹಾಗೆ. ನೀನು ಹೂಂ ಅಂದ್ರೆ ನಾವು ನೀರು ಕುಡೀತೀವಿ."

"ಇಷ್ಟು ಹೊತ್ತು ಏನು ಹೇಳಿದೆ ನಾನು? ಅದನ್ನ ಹಚ್ಚಿದ್ರೆ ಉಸಿರು ಕಟ್ಟುತ್ತೆ."

"ಮದರಂಗಿ ಹಚ್ಚಿ ಸತ್ತವರನ್ನ ನಾನು ನೋಡಿಲ್ಲ ಮಗಳೇ. ನನ್ನ ಹೆಂಡತಿಗೂ ತುರಿಸುತ್ತೆ. ತಡ್ಕೋತಾಳೆ."

"ಹಾಗಾದ್ರೆ ನನ್ನ ಪಾಲಿಂದೂ ಅವಳಿಗೇ ಹಚ್ಚಿ."

"ನೋಡಿದ್ರಾ?" ಎಂದು ಅತ್ತೆ ಬಾಗಿಲು ಬಿಟ್ಟು ಅಂಗಳಕ್ಕೇ ಇಳಿದಳು. "ಹಿರಿಯರ ಮಾತೂ ಬೇಡ ಇವಳಿಗೆ. ಗಂಡನೂ ಬೇಡ. ನನ್ನ ಮಗ ಇನ್ನೆಷ್ಟು ದಿನ ಹೀಗೆ ಇರ್ಬೇಕು? ಹೇಳಿ, ಅವನಿಗೇನು ಗತಿ ಇಲ್ವಾ?"

ಗತಿ ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಬಾಬಿಕರ್ ತನ್ನ ಕೋಲಿನ ತುದಿ ನೋಡತೊಡಗಿದ. ಅವನು ನ್ಯಾಯವಾಗಿಯೇ ರಾಜಿಗೆ ಬಂದಿದ್ದ, ಅಷ್ಟು ಹೇಳಬೇಕು. ಆದರೆ ರಾಜಿ ಮುರಿದುಬಿದ್ದರೆ ಅಕ್ಕನ ಬಾಯಿ ಮುಚ್ಚಿಸುವಷ್ಟು ಧೈರ್ಯ ಅವನಿಗಿರಲಿಲ್ಲ. ನಾನು ಹೂಂ ಅಂದರೆ ನನ್ನ ಗಂಟಲು ಹೋಗುತ್ತದೆ, ಊಹೂಂ ಅಂದರೆ ನನ್ನ ಮನೆ ಹೋಗುತ್ತದೆ. ನಾನು ಮುದವಿಯ ಮುಖ ನೋಡಿದೆ.

ಮುದವಿ ಎದ್ದ, ಚಪ್ಪಲಿ ಹಾಕಿಕೊಂಡ, ಬಾಗಿಲು ತೆಗೆದು ಹೊರಟುಹೋದ.

"ಹೋದ" ಅಂದಳು ಅತ್ತೆ. ಆ ದನಿಯಲ್ಲಿ ದುಃಖ ಹುಡುಕಿದರೂ ಸಿಗುತ್ತಿರಲಿಲ್ಲ. ಅವಳೂ ಅವಸರವಾಗಿ ತನ್ನ ಮನೆಗೆ ನಡೆದಳು.

ನಾವು ನಾಲ್ವರೂ ನೀರಿನ ಲೋಟಗಳ ಸುತ್ತ ಕೂತೆವು. ನಾನು ಅಳಲಿಲ್ಲ. ಒಳಗೆ ಹೋಗಿ ಕಾಫಿ ಕುಟ್ಟುವ ಒನಕೆ ತಂದು ತೊಡೆಯ ಮೇಲೆ ಇಟ್ಟುಕೊಂಡೆ. ಯಾಕೆ ತಂದೆ ಎಂದು ನನಗೂ ಗೊತ್ತಿಲ್ಲ. ಕೈಗೆ ಏನಾದರೂ ಬೇಕಿತ್ತು. ಕಾವಲುಗಾರ ತನ್ನ ಮಂಚವನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ.

ಮುದವಿ ವಾಪಸು ಬಂದಾಗ ಅವನ ಜೊತೆ ಅಲವಿಯ ಇದ್ದಳು, ಕರಿ ಬೋಗುಣಿ ಸಮೇತ. ಪುಡಿಯ ವಾಸನೆ ಬಾಗಿಲಿನಿಂದಲೇ ಮೂಗಿಗೆ ಬಡಿಯಿತು. ನಾನು ಒನಕೆ ಎತ್ತಿ ನಿಂತೆ.

"ಹತ್ತಿರ ಬಂದ್ರೆ ತಲೆ ಒಡೀತೀನಿ. ಇಬ್ಬರದ್ದೂ."

"ಅಕ್ಕ, ನನಗೇನೂ ಗೊತ್ತಿಲ್ಲ, ಬಾ ಅಂದ, ಬಂದೆ" ಅಂದಳು ಅಲವಿಯ, ಬೋಗುಣಿಯನ್ನು ಎದೆಗೆ ಅಡ್ಡ ಹಿಡಿದು.

ಮುದವಿ ನನ್ನನ್ನು ದಾಟಿ ಹೋಗಿ ಮಂಚದ ಮೇಲೆ ಕೂತ. ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡ. ಕಾಲು ಚಾಚಿದ, ಎರಡು ಅಂಗೈಯನ್ನೂ ಮುಂದೆ ಹಿಡಿದ.

"ನನಗೆ ಹಚ್ಚು."

ಅಲವಿಯ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಇಮಾಮರನ್ನು ನೋಡಿದಳು. ಗಂಡಸು ಮದರಂಗಿ ಹಚ್ಚಿಕೊಳ್ಳುವುದು ಮದುಮಗನಾದಾಗ ಮಾತ್ರ. ನಿಕಾಹ್‌ಗೆ ಮುಂಚೆ ಅವನ ಅಂಗೈ ಅಂಗಾಲಿಗೆ ಮುದ್ದೆ ಮುದ್ದೆಯಾಗಿ ಮೆತ್ತುತ್ತಾರೆ. ಅದು ಬಿಟ್ಟು ಇನ್ಯಾವಾಗಲೂ ಇಲ್ಲ.

"ಮುದವಿ ಅಣ್ಣ, ನಿನಗೆ ಮದುವೆಯಾ?"

"ಆಗಿದೆ" ಅಂದ ಮುದವಿ. "ಜನಕ್ಕೆ ಅನುಮಾನ ಬಂದಿದೆ. ಹಚ್ಚು."

ಬಾಬಿಕರ್ ಇಮಾಮರ ಕಡೆ ತಿರುಗಿದ. "ಇದು ನಡೆಯುತ್ತಾ?"

ಇಮಾಮ್ ಸಾಹೇಬರು ಗಡ್ಡ ಸವರಿಕೊಂಡರು. "ಹಳೇ ಹೆಂಡತಿಗೆ ಹೊಸದಾಗಿ ಮದುಮಗ ಆಗಬಾರದು ಅಂತ ನಾನು ಎಲ್ಲೂ ಓದಿಲ್ಲ" ಅಂದರು. ಅವರ ಕಣ್ಣು ನೀರಿನ ಲೋಟದ ಮೇಲಿತ್ತು. ಬೇರೆ ದಿನವಾಗಿದ್ದರೆ ಇನ್ನಷ್ಟು ಯೋಚಿಸುತ್ತಿದ್ದರೋ ಏನೋ. "ಗುರುತು ಬೇಕು ಅಂದ್ರಿ. ಗುರುತು ಆಯ್ತು. ಯಾರ ಕೈ ಮೇಲಾದ್ರೇನು?" ಎಂದು ಬಿಸ್ಮಿಲ್ಲಾ ಹೇಳಿ ಲೋಟ ಎತ್ತಿದರು. ಕಾವಲುಗಾರ ಅದನ್ನೇ ಕಾಯುತ್ತಿದ್ದವನ ಹಾಗೆ ಎರಡು ಲೋಟ ಒಟ್ಟಿಗೆ ಹಿಡಿದ.

ಅಲವಿಯ ಮುದ್ದೆ ಮೆತ್ತತೊಡಗಿದಳು. ಅಷ್ಟರಲ್ಲಿ ಗೋಡೆಯ ಮೇಲೆ ಅತ್ತೆಯ ತಲೆ ಕಾಣಿಸಿತು. ಮಗನ ಚಾಚಿದ ಅಂಗೈಯಲ್ಲಿ ಕರಿ ಮದರಂಗಿ ನೋಡಿದವಳೇ ಅವಳು ಒಂದೇ ಉಸಿರಿಗೆ ಮದುವೆಯ ಕೇಕೆ ಹಾಕಿದಳು. ಆ ಕೇಕೆಗೆ ರುಗಯ್ಯಳ ಅಂಗಳದಿಂದ ಉತ್ತರ ಬಂತು, ಅದಕ್ಕೆ ಆಚೆ ಮನೆಯಿಂದ. ಬೀದಿಯಲ್ಲಿ ಬಾಗಿಲುಗಳು ತೆರೆದವು. ಯಾರೋ ಮಣ್ಣಿನ ದಲ್ಲೂಕ ಡೋಲನ್ನು ಬಗಲಲ್ಲಿ ಇಟ್ಟುಕೊಂಡೇ ಓಡಿ ಬಂದರು. ನೋಡನೋಡುತ್ತ ನನ್ನ ಅಂಗಳದ ತುಂಬ ಹೆಂಗಸರು, ಮಕ್ಕಳು. ಹುಡುಗಿಯರು ಮದುಮಗನ ಹಾಡು ಶುರುಮಾಡಿಯೇಬಿಟ್ಟರು.

ಅತ್ತೆ ಸೆರಗು ಎಳೆದುಕೊಳ್ಳುತ್ತ ಒಳಗೆ ನುಗ್ಗಿದಳು. "ಇಖ್ಲಾಸ್‌ಗೆ ಹೇಳಿ ಕಳ್ಸಿದೀನಿ ಮಗನೇ, ಅವಳೂ ತಯಾರಾಗ್ತಾಳೆ."

ಬಾಬಿಕರ್ ಮಂಚದಿಂದ ಚಿಮ್ಮಿ ಎದ್ದ. "ನನ್ನನ್ನ ಯಾರೂ ಕೇಳಿಲ್ಲ. ಅವಳನ್ನೂ ಯಾರೂ ಕೇಳಿಲ್ಲ. ಅವಳು ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದಾಳೆ, ಮದುವೆ ಗಿದುವೆ ಬೇಡ ಅಂತ ದಿನಾ ನನ್ನ ತಲೆ ತಿಂತಾಳೆ. ನೀನು ಚಹಾ ಮಾಡು ಅಂದೆ ಅಂತ ಬರ್ತಿದ್ಲು ಅಷ್ಟೇ ಅಕ್ಕ."

"ಮತ್ತೆ ಮದುಮಗಳು ಯಾರು?" ಎಂದಳು ಅತ್ತೆ.

"ಅಲ್ಲಿದಾಳಮ್ಮ" ಅಂದ ಮುದವಿ, ಗಲ್ಲದಿಂದ ನನ್ನ ಕಡೆ ತೋರಿಸಿ. ಅವನ ಕೈ ಬಿಡುವಿರಲಿಲ್ಲ. "ಒನಕೆ ಹಿಡ್ಕೊಂಡು ನಿಂತಿದಾಳಲ್ಲ, ಅವಳು."

ಹಾಡು ಅರ್ಧಕ್ಕೆ ನಿಂತಿತು. ಆಮೇಲೆ ರುಗಯ್ಯ ನಕ್ಕಳು. ಅವಳ ಹಿಂದೆ ಇಡೀ ಅಂಗಳ ನಕ್ಕಿತು, ಹುಡುಗಿಯರು ಡೋಲನ್ನು ಮೊದಲಿಗಿಂತ ಜೋರಾಗಿ ಬಾರಿಸಿದರು. ನಾನು ಎಲ್ಲರಿಗೂ ಚಹಾ ಮಾಡಬೇಕಾಯಿತು, ಇದ್ದ ಸಕ್ಕರೆಯೆಲ್ಲ ಖಾಲಿ. ಅತ್ತೆ ಒಂದು ಮೂಲೆಯಲ್ಲಿ ಕೂತು, ಕೇಕೆ ಹಾಕಿ ಗಂಟಲು ಕಟ್ಟಿಸಿಕೊಂಡದ್ದು ದಂಡವಾಯಿತಲ್ಲ ಎಂಬ ಮುಖದಲ್ಲಿ ಚಹಾ ಕುಡಿದಳು. ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಆದ ಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗುವಾಗ ಒಬ್ಬಳೂ ನನ್ನ ಪಾದ ನೋಡಲಿಲ್ಲ.

ಮದುಮಗನ ಮದರಂಗಿ ಒಣಗಲು ಬಹಳ ಹೊತ್ತು ಬೇಕು. ಮುದವಿಯ ಎರಡು ಕೈ, ಎರಡು ಕಾಲು ಕರಿ ಮುದ್ದೆಯೊಳಗೆ. ಏಳುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ನಾನು ದೀಪ ಹಚ್ಚಿ, ಒಂದು ತಟ್ಟೆಯಲ್ಲಿ ಕಿಸ್ರ ರೊಟ್ಟಿ ಮತ್ತು ಸಾರು ತಂದು ಅವನ ಮುಂದೆ ಮಣೆ ಹಾಕಿಕೊಂಡು ಕೂತೆ.

"ಕೈ ದೂರ ಇಟ್ಕೋ. ನನಗೆ ತಾಗಿದ್ರೆ ಗೊತ್ತಲ್ಲ."

ಅವನು ಎರಡೂ ಕೈಯನ್ನು ಪಕ್ಕಕ್ಕೆ ಅಗಲಿಸಿ ಹಿಡಿದ. ನಾನು ತುತ್ತು ಬಾಯಿಗಿಟ್ಟೆ. ಅಗಿದ. ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ.

"ಮಗಳು ಹೋದ ದಿನದ ಮಾತು ಎತ್ತಿದ್ದೆ" ಅಂದೆ. "ಹಿರಿಯರ ಮುಂದೆ. ನೀನು ಉಪ್ಪಿನ ಕಥೆ ಹೇಳಿ ತಪ್ಪಿಸ್ಕೊಂಡೆ."

"ನಾಳೆ ಹೇಳ್ತೀನಿ."

"ಈಗ ಹೇಳು. ಎಲ್ಲಿಗೆ ಎದ್ದು ಹೋಗ್ತೀಯ ನೋಡೋಣ."

ಅವನು ತನ್ನ ಕಾಲು ನೋಡಿಕೊಂಡ, ಬಾಗಿಲು ನೋಡಿದ. ಬಾಗಿಲು ಅವತ್ತು ಬಹಳ ದೂರದಲ್ಲಿತ್ತು.

"ಎಣ್ಣೆ ಬೇಕಿರಲಿಲ್ಲ" ಅಂದ.

"ಏನು?"

"ಇಂಜಿನ್ನಿಗೆ. ಹಿಂದಿನ ದಿನವೇ ಬಿಟ್ಟಿದ್ದೆ."

"ಮತ್ತೆ ಅಲ್ಲಿಗೆ ಯಾಕೆ ಹೋದೆ?"

ಬಾಯಲ್ಲಿದ್ದ ತುತ್ತು ನುಂಗಿದ. "ಇಂಜಿನ್ ಚಾಲೂ ಮಾಡ್ದೆ. ಧಾನ್ಯ ಹಾಕದೆ, ಸುಮ್ನೆ ಖಾಲಿ ಓಡಿಸ್ದೆ. ಸದ್ದು ಇದ್ರೆ ಯಾರಿಗೂ ಕೇಳಿಸಲ್ಲ."

ಏನು ಕೇಳಿಸುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಹೇಳಲು ಆಗುತ್ತಿರಲಿಲ್ಲ. ಕಣ್ಣು, ಮೂಗು ಎರಡೂ ಸೋರುತ್ತಿದ್ದವು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಸ್ವಲ್ಪ ಮೂಗು ಒರೆಸು" ಅಂದ.

ನಾನು ಸೆರಗಿನ ತುದಿಯಿಂದ ಒರೆಸಿದೆ. ಅಷ್ಟು ಹೊತ್ತೂ ಅವನು, ಪೊಲೀಸರ ಮುಂದೆ ನಿಂತವನ ಹಾಗೆ, ಎರಡೂ ಕರಿ ಕೈಗಳನ್ನು ನನಗೆ ಎಲ್ಲಿ ತಾಗಿಬಿಡುತ್ತವೋ ಎಂದು ಮೇಲಕ್ಕೆ, ಆದಷ್ಟೂ ದೂರಕ್ಕೆ ಎತ್ತಿ ಹಿಡಿದಿದ್ದ.